ಬೀಗ ಹಾಕಿದ ಬೋರ್ಡಿಗೆ ಬಂದ ಕರೆಂಟು

“ನನ್ನ ಸೊಸೆ ಅಂಥವಳಲ್ಲ. ಅವಳ ಮೇಲೆ ನನಗೆ ನೂರು ತಕರಾರಿದೆ, ಅದು ನಮ್ಮ ಮನೆ ಮಾತು. ಆದರೆ ಒಬ್ಬರ ಪ್ರಾಣ ತೆಗಿಯೋ ಹೆಣ್ಣಲ್ಲ.”

ಬಾಗಿಲು ತೆಗೆದ ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದ ಹೆಂಗಸು ಕೂರುವ ಮೊದಲೇ ಇಷ್ಟನ್ನು ಹೇಳಿ ಮುಗಿಸಿದ್ದರು. ಅರವತ್ತರ ಆಸುಪಾಸು, ಗಟ್ಟಿ ದನಿ, ಅತ್ತು ಅತ್ತು ಊದಿದ ಕಣ್ಣು. ಅವರ ಬೆನ್ನ ಹಿಂದೆ ಸೊಸೆ ನಿಂತಿದ್ದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ನೀರು ಬರುವ ಘಟ್ಟವನ್ನು ದಾಟಿ ಬಂದವಳಂತೆ ಸುಮ್ಮನೆ ನೆಲ ನೋಡುತ್ತಿದ್ದಳು.

ನಮ್ಮ ಅತ್ತಿಗೆ ಕೈಯಲ್ಲಿದ್ದ ಪೇಪರನ್ನು ಮಡಿಸಿ ಬದಿಗಿಟ್ಟರು. ನಮ್ಮ ಮನೆಗೆ ಇಂಥವರು ಬರುವುದು ಹೊಸದಲ್ಲ. ಅತ್ತಿಗೆ ಕೆಲಸದಲ್ಲಿದ್ದಷ್ಟು ಕಾಲ ಪರೀಕ್ಷಾ ಕೊಠಡಿಗಳಲ್ಲಿ ಮೇಲ್ವಿಚಾರಕಿಯಾಗಿ ಅಡ್ಡಾಡಿದವರು. ಕಾಪಿ ಹೊಡೆಯುವವರನ್ನು ಹಿಡಿದೂ ಹಿಡಿದೂ ಅವರಿಗೆ ಮನುಷ್ಯರ ಕಳ್ಳತನ ಬೆನ್ನು ನೋಡಿದರೇ ತಿಳಿಯುತ್ತದೆ. ನಿವೃತ್ತರಾದ ಮೇಲೆ ಅದೇ ವಿದ್ಯೆ ಪತ್ತೇದಾರಿಕೆಯಾಯಿತು. ನಾನು ಅವರ ಮೈದುನ. ಬೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಆದರೆ ಸ್ಕೂಟರ್ ಓಡಿಸಲು, ಬಾಗಿಲು ತೆಗೆಯಲು, ಬೈಸಿಕೊಳ್ಳಲು ಅತ್ತಿಗೆಗೆ ನಾನೇ ಬೇಕು. ಅಣ್ಣ ಈ ಮೂರರಿಂದಲೂ ಜಾಣತನದಿಂದ ತಪ್ಪಿಸಿಕೊಂಡಿದ್ದಾನೆ.

“ಕೂತ್ಕೊಳ್ಳಿ. ನೀವಲ್ಲ, ಅವಳು ಹೇಳಲಿ,” ಎಂದರು ಅತ್ತಿಗೆ.

ಸೊಸೆ ಹೇಳಿದ್ದು ಇಷ್ಟು. ಅವರದು ವಯರಿಂಗ್ ಮಾಡಿಕೊಡುವ, ಮೋಟಾರು ರಿಪೇರಿ ಮಾಡುವ ಅಂಗಡಿ. ಲೈಸೆನ್ಸ್ ಅವಳ ಗಂಡನ ಹೆಸರಿನಲ್ಲಿತ್ತು. ಹೋದ ವರ್ಷ ಆತ ತೀರಿಕೊಂಡ. ಮನೆಯಲ್ಲಿ ಬೇರೆ ಯಾರಿಗಾದರೂ ಲೈಸೆನ್ಸ್ ಸಿಗುವವರೆಗೆ ಅಂಗಡಿ ನಡೆಸಲು ಕಚೇರಿಯವರು ಗಡುವು ಕೊಟ್ಟಿದ್ದರು. ಆ ಗಡುವು ಈ ಸಲದ ಪರೀಕ್ಷೆಗೆ ಮುಗಿಯುತ್ತದೆ. ಪರೀಕ್ಷೆ ನಾಳಿದ್ದು. ಅಭ್ಯಾಸ ಪರೀಕ್ಷೆಗಳನ್ನು ಮುಗಿಸಿದ್ದಾರೆಂದು ತರಬೇತಿ ಕೊಟ್ಟ ಮೇಷ್ಟ್ರು ಸಹಿ ಹಾಕದಿದ್ದರೆ ಒಳಗೆ ಬಿಡುವುದಿಲ್ಲ. ಮೇಷ್ಟ್ರು ಆಸ್ಪತ್ರೆ ಮುಂದೆ ಎಲ್ಲರೆದುರು ಅವಳನ್ನು ಕೊಲೆಗಾತಿ ಎಂದು, ಸಹಿ ಹಾಕುವುದಿಲ್ಲ ಎಂದಿದ್ದರು. ಪೊಲೀಸರು ನಾಳೆ ಸ್ಟೇಷನ್ನಿಗೆ ಬಾ ಎಂದಿದ್ದರು.

“ಮೊನ್ನೆ ಏನಾಯ್ತು?”

“ಕೊನೇ ಅಭ್ಯಾಸ ಪರೀಕ್ಷೆ ಇತ್ತು ಮೇಡಂ. ಪ್ರಾಕ್ಟಿಕಲ್. ಜೋಡಿ ಜೋಡಿಯಾಗಿ ಹೋಗ್ಬೇಕು. ಮೇಷ್ಟ್ರು ಬೋರ್ಡಲ್ಲಿ ಎಲ್ಲೋ ಒಂದು ಕಡೆ ದೋಷ ಮಾಡಿಟ್ಟಿರ್ತಾರೆ, ಒಬ್ಬರು ಅದನ್ನ ಹುಡುಕಬೇಕು. ಇನ್ನೊಬ್ಬರು ಮೇನ್ ಸ್ವಿಚ್ ಆಫ್ ಮಾಡಿ, ತಮ್ಮ ಸ್ವಂತ ಬೀಗ ಹಾಕಿ, ಕೀ ತಮ್ಮ ಹತ್ರಾನೇ ಇಟ್ಕೊಂಡು ಕಾವಲು ನಿಲ್ಲಬೇಕು. ನನಗೆ ಜೋಡಿಯಾಗಿ ಬಂದಿದ್ದು ಫುಲ್ ಮಾರ್ಕ್ಸ್.”

“ಅದು ಹೆಸರಾ?”

“ಎಲ್ಲಾ ಅಭ್ಯಾಸ ಪರೀಕ್ಷೇಲೂ ಅವರಿಗೇ ಪೂರ್ತಿ ಅಂಕ. ಅದಕ್ಕೆ ಹಾಗೇ ಕರೀತಾರೆ. ಮೊದಲು ಅವರ ಸರದಿ, ನನ್ನ ಕಾವಲು. ಬೀಗ ಹಾಕಿ ಎಳೆದೂ ನೋಡಿದೆ. ಕಾವಲಿನವರು ಸನ್ನೆ ಮಾಡಬಾರದು ಅಂತ ಸ್ವಿಚ್ ಕಡೆಗೇ ಮುಖ ಮಾಡಿ ನಿಲ್ಲಬೇಕು. ಹಾಗೇ ನಿಂತಿದ್ದೆ. ಹಿಂದಿನಿಂದ ಉಸಿರು ಸಿಕ್ಕಿಕೊಂಡ ಹಾಗೆ ಒಂದು ಸದ್ದು ಬಂತು. ತಿರುಗಿ ನೋಡಿದ್ರೆ ಅವರು ಬೋರ್ಡಿಗೆ ಅಂಟಿಕೊಂಡು ನಡುಗ್ತಿದ್ರು. ಸ್ವಿಚ್ ನೋಡ್ದೆ. ಆಫೇ ಇತ್ತು. ಬೀಗ ಹಾಗೇ ಇತ್ತು. ಆರಿಸೋಣ ಅಂದ್ರೆ ಏನನ್ನ ಆರಿಸೋದು ಮೇಡಂ? ಕೈಕಾಲೇ ಆಡ್ಲಿಲ್ಲ. ಅಷ್ಟರಲ್ಲಿ ತರಬೇತಿ ಹಾಲಿನ ದೀಪ ಹೋಯ್ತು. ಅವರು ದೊಪ್ಪಂತ ಬಿದ್ರು.”

“ದೀಪ ಹೋದ ಮೇಲೆ ಬಿದ್ದನೋ, ಬಿದ್ದ ಮೇಲೆ ದೀಪ ಹೋಯಿತೋ?”

“ಮೊದಲು ದೀಪ ಹೋಯ್ತು. ಆಮೇಲೆ ಬಿದ್ದಿದ್ದು.”

ಅತ್ತಿಗೆ ಅದೇ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು. ಉತ್ತರ ಬದಲಾಗಲಿಲ್ಲ.

ಫುಲ್ ಮಾರ್ಕ್ಸ್ ಬದುಕಿದ್ದ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನೇ ಪೊಲೀಸರಿಗೆ ಹೇಳಿದ್ದು: “ನಾನು ಟೆಸ್ಟರ್ ಇಟ್ಟು ನೋಡಿದೆ, ಕರೆಂಟ್ ಇರಲಿಲ್ಲ. ಮುಟ್ಟಿದ ಮೇಲೆ ಬಂತು.” ಅಂದಮೇಲೆ ನಡುವೆ ಯಾರೋ ಸ್ವಿಚ್ ಹಾಕಿರಬೇಕು. ಕೀಲಿ ಇದ್ದದ್ದು ಒಬ್ಬಳ ಕೈಯಲ್ಲಿ. ಸಾಲದ್ದಕ್ಕೆ, ಹಿಂದಿನ ವಾರವಷ್ಟೇ ಅವನು ಎಲ್ಲರೆದುರು “ಹೆಂಗಸರಿಗೆ ಅಡಿಗೆಮನೆ ಸ್ವಿಚ್ ಸಾಕು” ಎಂದು ಹಂಗಿಸಿದ್ದ. ಇವಳು “ಒಂದಿನ ನಿಮಗೇ ಗೊತ್ತಾಗುತ್ತೆ” ಎಂದಿದ್ದಳು. ಆ ಮಾತು ಈಗ ಅವಳ ಕೊರಳಿಗೇ ಸುತ್ತಿಕೊಂಡಿತ್ತು.

“ಅಂಗಡಿ ಬಾಗಿಲು ಹಾಕಿದ್ರೂ ಹೇಗೋ ಬದುಕ್ತೀವಿ,” ಎಂದರು ಅತ್ತೆ. ದನಿ ಈಗ ಕುಗ್ಗಿತ್ತು. “ಇವಳು ಜೈಲಿಗೆ ಹೋದ್ರೆ ಆ ಮನೇಲಿ ನಾನು ಯಾರ ಹತ್ರ ಜಗಳ ಆಡ್ಲಿ?”

ಅತ್ತಿಗೆ ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

ತರಬೇತಿಯ ಹಾಲು ಹಳೆಯ ಗೋದಾಮು. ನಿಜವಾದ ಪರೀಕ್ಷಾ ಕೊಠಡಿಗೆ ಕಿಟಕಿಯಿಲ್ಲವೆಂದು ಮೇಷ್ಟ್ರು ಇಲ್ಲೂ ಕಿಟಕಿಗಳಿಗೆ ದಪ್ಪ ಪರದೆ ಬಿಟ್ಟಿದ್ದರು. ಹಗಲಲ್ಲೂ ಇಡೀ ಹಾಲಿಗೆ ಒಂದೇ ದೀಪ. ಬಾಗಿಲ ಪಕ್ಕದಲ್ಲಿ ಅದರ ಸ್ವಿಚ್ಚು, ಅದರ ಕೆಳಗೆ ಮೇಷ್ಟ್ರ ಮೇಜು. ಮೇಜಿನಿಂದ ಅಡ್ಡಗೋಡೆಯಾಚೆ ಅಭ್ಯರ್ಥಿಯ ತಲೆ ಮಾತ್ರ ಕಾಣುತ್ತದೆ. ಅಡ್ಡಗೋಡೆಯ ಹಿಂದೆ ಕಬ್ಬಿಣದ ಚೌಕಟ್ಟಿನ ಬೋರ್ಡು, ಅದರ ಮೇಲೆ ಸಾಲಾಗಿ ಮುಚ್ಚಳವಿರುವ ಐದು ಪೆಟ್ಟಿಗೆ. ಇನ್ನೊಂದು ತುದಿಯ ಗೋಡೆಯಲ್ಲಿ ಮೇನ್ ಸ್ವಿಚ್ಚು.

ಮೇಷ್ಟ್ರು ನೆಟ್ಟಗೆ ನಿಲ್ಲುವ, ಇಸ್ತ್ರಿ ಮಾಡಿದ ಶರ್ಟಿನ ಹಿರಿಯರು. ಪರೀಕ್ಷಕರಾಗಿ ನಿವೃತ್ತರಾದವರು. ಅವರ ಮಗಳು ಇಲ್ಲಿಯೇ ಅವರಿಗೆ ಸಹಾಯಕಿ. ಅವಳ ಮುಖ ಬಾಡಿತ್ತು. ನಾವು ಆಸ್ಪತ್ರೆ ಎಂದಾಗಲೆಲ್ಲ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

“ನನ್ನ ಹಾಲಲ್ಲಿ ಇಷ್ಟು ವರ್ಷದಲ್ಲಿ ಒಬ್ಬರಿಗೂ ಒಂದು ಗೀರು ಆಗಿಲ್ಲ,” ಎಂದರು ಮೇಷ್ಟ್ರು. “ಮುಟ್ಟೋಕೆ ಮುಂಚೆ ಟೆಸ್ಟ್ ಮಾಡು. ಒಂದು ಕೈ ಯಾವಾಗಲೂ ಬೆನ್ನ ಹಿಂದೆ. ಇದನ್ನ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳಬೇಕು ನನ್ನ ಶಿಷ್ಯರು.”

“ದೀಪ ಯಾಕೆ ಹೋಯ್ತು?”

“ಶಾಕ್ ಹೊಡೆದಾಗ ಫ್ಯೂಸ್ ಹೋಗಿರುತ್ತೆ. ಆಮೇಲೆ ಸರಿ ಮಾಡಿದೆ.”

ಅತ್ತಿಗೆ ಬೋರ್ಡಿನ ಮುಂದೆ ನಿಂತರು. ಪೆಟ್ಟಿಗೆಗಳ ಮುಚ್ಚಳಗಳ ಮೇಲೆ ಗೋಂದಿನಲ್ಲಿ ಅಂಟಿಸಿದ ಸಣ್ಣ ಕಾಗದದ ಪಟ್ಟಿಗಳಿದ್ದವು. “ಇದೇನಮ್ಮ?” ಎಂದು ಮಗಳನ್ನು ಕೇಳಿದರು.

“ಪ್ರತಿ ಪರೀಕ್ಷೆಗೂ ನಾನು ಹೊಸದಾಗಿ ಅಂಟಿಸ್ತೀನಿ. ಯಾವ ಪೆಟ್ಟಿಗೆ ತೆಗೆದರು ಅಂತ ಗೊತ್ತಾಗಬೇಕಲ್ಲ. ಅನವಶ್ಯಕವಾಗಿ ತೆಗೆದರೆ ಅಂಕ ಹೋಗುತ್ತೆ. ಕರೆಂಟ್ ಒಳಗೆ ಬರೋದು ಮೊದಲನೇ ಪೆಟ್ಟಿಗೆಗೆ. ಅದನ್ನ ಮಾತ್ರ ಎಲ್ಲರೂ ತೆಗೀಲೇಬೇಕು, ಟೆಸ್ಟ್ ಮಾಡೋಕೆ. ಆವತ್ತಿನ ದೋಷ ಇದ್ದಿದ್ದು ನಾಲ್ಕನೇದರಲ್ಲಿ.”

ನಾನು ನೋಡಿದೆ. ನಾಲ್ಕನೇ ಪೆಟ್ಟಿಗೆಯ ಪಟ್ಟಿ ಮಾತ್ರ ಹರಿದಿತ್ತು. ಉಳಿದ ನಾಲ್ಕೂ ಅಂಟಿಸಿದಂತೆಯೇ ಇದ್ದವು. ಕಾಗದ, ಗೋಂದು ನನ್ನ ದಿನದ ಕಸುಬು. ಬಿಡಿಸಿ ಮತ್ತೆ ಅಂಟಿಸಿದ್ದಲ್ಲ ಎಂದು ಅತ್ತಿಗೆಯ ಕಿವಿಯಲ್ಲಿ ಹೇಳಿದೆ. “ಅಂತೂ ನಿನ್ನಿಂದಲೂ ಉಪಯೋಗ ಇದೆ,” ಎಂದು ಅವರು ಪಿಸುಗುಟ್ಟಿದರು. ಆಮೇಲೆ ತಲೆಯೆತ್ತಿ ಬೋರ್ಡಿನ ಮೇಲಿದ್ದ ಗೋಡೆಯನ್ನು ನೋಡಿದರು. ಅಲ್ಲಿ ದೀಪಕ್ಕೆ ಹೋಗುವ ವಯರಿನ ಜಂಕ್ಷನ್ ಬಾಕ್ಸ್ ಇತ್ತು. ಗೋಡೆಯುದ್ದಕ್ಕೂ ಪೈಪಿನ ಮೇಲೆ ಧೂಳು ಕೂತಿತ್ತು. ಬಾಕ್ಸಿನ ಮುಚ್ಚಳದ ಮೇಲೆ ಮಾತ್ರ ಇರಲಿಲ್ಲ.

ಮೆಟ್ಟಿಲ ಮೇಲೆ ಕುಳಿತು ಪುಸ್ತಕ ಓದುತ್ತಿದ್ದವನು ನಿಧಾನಪ್ಪ. ಎಲ್ಲ ಪರೀಕ್ಷೆಗಳಲ್ಲೂ ಸಮಯ ಸಾಲದೆ ಫೇಲಾಗುವವನು, ಅದಕ್ಕೇ ಆ ಅಡ್ಡಹೆಸರು. ಆವತ್ತು ಮುಂದಿನ ಸರದಿಗಾಗಿ ಹೊರಗೆ ಕಾಯುತ್ತಿದ್ದವನು ಇವನೇ.

“ಗಲಾಟೆ ಕೇಳಿ ಒಳಗೆ ಹೋದೆ ಅಮ್ಮ. ಕತ್ತಲೆ. ಬಾಗಿಲ ಪಕ್ಕದ ಸ್ವಿಚ್ ಹಾಕಿದೆ, ದೀಪ ಬಂತು.”

“ತಕ್ಷಣ ಬಂತಾ?”

“ತಕ್ಷಣ. ಮೇಷ್ಟ್ರು ಅಡ್ಡಗೋಡೆ ಹತ್ರ ಓಡ್ತಾ ಇದ್ರು. ದೀಪ ಬಂದದ್ದೇ ‘ಬೋರ್ಡ್ ಯಾರೂ ಮುಟ್ಟಬೇಡಿ’ ಅಂತ ಕಿರುಚಿದ್ರು. ಅವರ ಮಗಳು ಮೇಜಿನ ಹತ್ರ ಬಾಯಿಗೆ ಕೈ ಇಟ್ಕೊಂಡು ನಿಂತಿದ್ದಳು. ಆಮೇಲೆ ನಾವೆಲ್ಲ ಅವನನ್ನ ಎತ್ಕೊಂಡು ಆಸ್ಪತ್ರೆಗೆ ಓಡಿದ್ವಿ. ಹಾಲಿಗೆ ಬೀಗ ಹಾಕ್ಕೊಂಡು ಬರ್ತೀನಿ ಅಂತ ಮೇಷ್ಟ್ರು ಹಿಂದೆ ಉಳಿದ್ರು.”

ಆಸ್ಪತ್ರೆಯಲ್ಲಿ ಫುಲ್ ಮಾರ್ಕ್ಸ್ ಎರಡೂ ಅಂಗೈಗೆ ಬ್ಯಾಂಡೇಜು ಕಟ್ಟಿಕೊಂಡು ಮಲಗಿದ್ದ. ಅತ್ತಿಗೆ ಅವನ ಪಕ್ಕದಲ್ಲಿ ಕುಳಿತು, ಮಗನನ್ನು ವಿಚಾರಿಸಿಕೊಳ್ಳುವ ತಾಯಿಯ ದನಿಯಲ್ಲಿ ಕೇಳಿದರು. “ಮೊದಲನೇ ಪೆಟ್ಟಿಗೆಯಿಂದಾನೇ ಶುರು ಮಾಡಿದೆಯೇನಪ್ಪ?”

“ಹೌದು. ಒಂದೊಂದಾಗಿ ತೆಗೆದು ಟೆಸ್ಟ್ ಮಾಡಿದೆ. ಎಲ್ಲ ಸರಿಯಾಗಿ ಮಾಡಿದ್ದೆ.”

“ಪಾಪ,” ಎಂದು ಅತ್ತಿಗೆ ಎದ್ದರು. ಕಾಪಿ ಚೀಟಿ ಸಿಕ್ಕಾಗಲೂ ಅವರು ಹೀಗೆಯೇ “ಪಾಪ” ಎನ್ನುತ್ತಿದ್ದರಂತೆ.

ಮಾರನೆಯ ಬೆಳಿಗ್ಗೆ ಎಲ್ಲರೂ ಹಾಲಿನಲ್ಲಿ ಸೇರಿದರು. ಇನ್ಸ್‌ಪೆಕ್ಟರ್ ಸೊಸೆಯನ್ನು ಕರೆದುಕೊಂಡು ಹೋಗಲು ಜೀಪು ತಂದಿದ್ದರು. ಅತ್ತಿಗೆಯ ಮಾತಿಗೆ ಕಟ್ಟುಬಿದ್ದು ಸ್ವಲ್ಪ ಹೊತ್ತು ಕಾಯಲು ಒಪ್ಪಿದ್ದರು. ಮೇಷ್ಟ್ರು, ಮಗಳು ಮೇಜಿನ ಬಳಿ. ಅತ್ತೆ ಸೊಸೆಯ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಹೊರಗೆ ಮೆಟ್ಟಿಲ ಮೇಲೆ, ಸಹಿಗಾಗಿ ಬಂದಿದ್ದ ಉಳಿದ ಅಭ್ಯರ್ಥಿಗಳು.

“ಇನ್ಸ್‌ಪೆಕ್ಟರ್ ಕಡೆಯ ಎಲೆಕ್ಟ್ರಿಷಿಯನ್ ಬೆಳಿಗ್ಗೆ ಬಂದು ಹೋಗಿದ್ದಾನೆ,” ಎಂದರು ಅತ್ತಿಗೆ. “ಈ ಬೋರ್ಡನ್ನ ಆವತ್ತು ಹೇಗಿತ್ತೋ ಹಾಗೇ ಮಾಡಿಟ್ಟಿದ್ದಾನೆ. ಹೇಗಿತ್ತೋ ಹಾಗೇ. ಇನ್ಸ್‌ಪೆಕ್ಟರ್, ಮೇನ್ ಸ್ವಿಚ್ ಆಫ್ ಮಾಡಿ ನಿಮ್ಮ ಬೀಗ ಹಾಕಿ. ಕೀ ನಿಮ್ಮ ಜೇಬಲ್ಲೇ ಇರಲಿ.”

ಬೀಗ ಬಿತ್ತು. ಅತ್ತಿಗೆ ನನ್ನ ಕಡೆ ತಿರುಗಿದರು.

“ಬಾರಪ್ಪ ಮೈದುನ. ಫುಲ್ ಮಾರ್ಕ್ಸ್ ನಿಂತ ಹಾಗೇ ನಿಂತ್ಕೋ. ಎಡಗೈಯಲ್ಲಿ ಚೌಕಟ್ಟು ಹಿಡ್ಕೋ. ಬಲಗೈ ನಾಲ್ಕನೇ ಪೆಟ್ಟಿಗೆ ಒಳಗೆ ಇಡು.”

“ನಾನಾ?”

“ಬೀಗ ಹಾಕಿದೆಯಲ್ಲ, ಹೆದರಿಕೆ ಏನು?”

ಅವರು ನನಗೆ ಮೊದಲೇ ಏನನ್ನೂ ಹೇಳಿರಲಿಲ್ಲ. ಇದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಚೌಕಟ್ಟಿನ ಕಬ್ಬಿಣ ತಣ್ಣಗಿತ್ತು. ನಾಲ್ಕನೇ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಒಳಗೆ ಹಿತ್ತಾಳೆಯ ತಿರುಪುಗಳು ಮಿಂಚಿದವು. ಬಲಗೈ ಮುಂದೆ ಹೋಗಲೊಲ್ಲದು. ನಾನು ಕಣ್ಣು ಮುಚ್ಚಿ ಬೆರಳು ಚಾಚಿದೆ.

“ಬೇಡ! ಮುಟ್ಟಬೇಡ!”

ಕುರ್ಚಿ ಉರುಳಿದ ಸದ್ದು. ದೀಪ ಹೋಯಿತು.

ಇನ್ಸ್‌ಪೆಕ್ಟರರ ಟಾರ್ಚು ಹತ್ತಿತು. ಬೆಳಕು ಮೊದಲು ಮೇನ್ ಸ್ವಿಚ್ಚಿನ ಮೇಲೆ, ಆಮೇಲೆ ಬಾಗಿಲ ಕಡೆ ಹೊರಳಿತು. ಮೇಷ್ಟ್ರ ಕೈ ದೀಪದ ಸ್ವಿಚ್ಚಿನ ಮೇಲಿತ್ತು. ಸ್ವಿಚ್ಚಿಗೆ ಅವರಿಗಿಂತ ಹತ್ತಿರದಲ್ಲಿದ್ದ ಮಗಳು ನಿಂತಲ್ಲೇ ನಿಂತು, ಏನೂ ಅರ್ಥವಾಗದೆ ಅಪ್ಪನ ಮುಖ ನೋಡುತ್ತಿದ್ದಳು.

“ಕೈ ತೆಗೀರಿ ಮೇಷ್ಟ್ರೇ,” ಎಂದರು ಅತ್ತಿಗೆ ಮೆಲ್ಲಗೆ. “ಬೋರ್ಡಲ್ಲಿ ಕರೆಂಟಿಲ್ಲ. ಯಾವ ಎಲೆಕ್ಟ್ರಿಷಿಯನ್ನೂ ಬಂದಿಲ್ಲ. ನಾನು ಸುಳ್ಳು ಹೇಳಿದೆ.”

ಮೇಷ್ಟ್ರು ಮತ್ತೆ ದೀಪ ಹಾಕಿದರು. ಉರುಳಿದ ಕುರ್ಚಿಯನ್ನು ಎತ್ತಿ ಅದರಲ್ಲಿ ಕುಳಿತರು. ಇಸ್ತ್ರಿಯ ಶರ್ಟಿನೊಳಗೆ ಮನುಷ್ಯ ಒಮ್ಮೆಲೇ ಸಣ್ಣವರಾದಂತೆ ಕಂಡರು.

“ಅರ್ಥ ಆಗೋ ಹಾಗೆ ಹೇಳಿ,” ಎಂದರು ಇನ್ಸ್‌ಪೆಕ್ಟರ್.

“ಹೇಳ್ತೀನಿ. ಎಲ್ಲರೂ ಆ ಬೀಗದ ಹಿಂದೆ ಬಿದ್ದಿರಿ. ಬೀಗ ತೆಗೆದು, ಸ್ವಿಚ್ ಹಾಕಿ, ಮತ್ತೆ ಆರಿಸಿ, ಮತ್ತೆ ಬೀಗ ಹಾಕೋಕೆ ಎಷ್ಟು ಕೆಲಸ? ಈ ಹುಡುಗಿ ಅದನ್ನೆಲ್ಲ ಮಾಡಿದಳು ಅಂತ ನಂಬಿದ್ದು ಯಾಕೆ? ‘ಟೆಸ್ಟ್ ಮಾಡಿದಾಗ ಕರೆಂಟ್ ಇರಲಿಲ್ಲ’ ಅಂತ ಅವನು ಅಂದಿದ್ದಕ್ಕೆ. ಆ ಒಂದು ಮಾತು ತೆಗೆದುಬಿಟ್ಟರೆ ಇವಳ ಮೇಲೆ ಏನು ಉಳಿಯುತ್ತೆ?

“ಅವನು ಟೆಸ್ಟ್ ಮಾಡಲೇ ಇಲ್ಲ. ಮೊದಲನೇ ಪೆಟ್ಟಿಗೆ ಪಟ್ಟಿ ಹರಿದಿಲ್ಲ. ಅದನ್ನ ತೆಗೀದೆ ಟೆಸ್ಟ್ ಹೇಗೆ ಆಗುತ್ತೆ? ಹರಿದಿರೋದು ನಾಲ್ಕನೇದು ಒಂದೇ. ದೋಷ ಇದ್ದಿದ್ದೂ ಅಲ್ಲೇ. ಅಂದ್ರೆ ದೋಷ ಎಲ್ಲಿದೆ ಅಂತ ಅವನಿಗೆ ಮುಂಚೇನೇ ಗೊತ್ತಿತ್ತು, ನೆಟ್ಟಗೆ ಅಲ್ಲಿಗೇ ಕೈ ಹಾಕಿದ. ನಾನು ಎಷ್ಟು ಜನ ಕಾಪಿ ಹೊಡೆಯೋರನ್ನ ನೋಡಿಲ್ಲ? ಉತ್ತರ ಗೊತ್ತಿರೋನು ಲೆಕ್ಕ ಮಾಡಲ್ಲ. ಬೀಗ ಹಾಕಿದ ಬೋರ್ಡಿಗೆ ಕರೆಂಟ್ ಎಲ್ಲಿಂದ ಬರುತ್ತೆ ಅನ್ನೋ ಧೈರ್ಯ ಬೇರೆ. ಆಸ್ಪತ್ರೇಲಿ ಸುಳ್ಳು ಹೇಳಿದ್ದು ಆ ಫುಲ್ ಮಾರ್ಕ್ಸ್ ಅನ್ನೋ ಹೆಸರು ಉಳಿಸಿಕೊಳ್ಳೋಕೆ.”

“ದೋಷ ಎಲ್ಲಿದೆ ಅಂತ ಅವನಿಗೆ ಹೇಳಿದ್ದು ಯಾರು?”

ಮೇಷ್ಟ್ರ ಮಗಳು ಮುಖ ಮುಚ್ಚಿಕೊಂಡಳು. “ನಾನು,” ಎಂದಳು. “ಪ್ರತಿ ಸಲಾನೂ ನಾನೇ ಹೇಳ್ತಿದ್ದೆ. ಲೈಸೆನ್ಸ್ ಬಂದ ಮೇಲೆ ನಮ್ಮ ಮದುವೆ ವಿಷಯ ಅಪ್ಪನ ಹತ್ರ ಮಾತಾಡೋಣ ಅಂದಿದ್ದ. ಆದರೆ ಅಪ್ಪ ಹೇಳಿದ ಹಾಗೆ ನಾನು ಅಲ್ಲಿ ಬಿಟ್ಟಿದ್ದು ಸಡಿಲ ತಂತಿ ಅಷ್ಟೇ. ಅದರಲ್ಲಿ ಕರೆಂಟ್ ಇರಲಿಲ್ಲ, ದೇವರಾಣೆ.”

“ಇರಲಿಲ್ಲ. ಅದು ಆಮೇಲೆ ಬಂದಿದ್ದು,” ಎಂದರು ಅತ್ತಿಗೆ. “ಮೇನ್ ಸ್ವಿಚ್ಚಿಂದ ಬರದೇ ಇದ್ದ ಮೇಲೆ ಬೇರೆ ಎಲ್ಲಿಂದಲೋ ಬರಬೇಕು. ದೀಪ ಹೋದ ಮೇಲೆ ಅವನು ಬೋರ್ಡಿಂದ ಬಿಡಿಸಿಕೊಂಡು ಬಿದ್ದ. ದೀಪಕ್ಕೂ ಅವನಿಗೂ ಒಂದೇ ತಂತಿ! ಬೋರ್ಡಿನ ಮೇಲಿರೋ ದೀಪದ ಜಂಕ್ಷನ್ ಬಾಕ್ಸಲ್ಲಿ ಧೂಳಿಲ್ಲ. ತೆಗೆದು ನೋಡಿ ಇನ್ಸ್‌ಪೆಕ್ಟರ್.”

ಸ್ವಿಚ್ ಆರಿಸಿ, ಹೊರಗಿನಿಂದ ಕರೆಸಿಕೊಂಡ ನಿಧಾನಪ್ಪನೇ ಟಾರ್ಚಿನ ಬೆಳಕಿನಲ್ಲಿ ಸ್ಟೂಲು ಹತ್ತಿ ಮುಚ್ಚಳ ಬಿಚ್ಚಿದ. ಕೈಯಲ್ಲಿ ಟೆಸ್ಟರ್ ಹಿಡಿದು, ಎಂದಿನಂತೆ ನಿಧಾನವಾಗಿ, ಎಲ್ಲ ಕಡೆ ಇಟ್ಟು ನೋಡಿದ ಮೇಲೆಯೇ ಒಳಗೆ ಕೈಹಾಕಿದ. ಹಳೆಯ ಜೋಡಣೆಗಳ ನಡುವೆ ಒಂದಕ್ಕೆ ಹೊಸ ಟೇಪು ಸುತ್ತಿತ್ತು.

“ಫ್ಯೂಸ್ ಹೋಯ್ತು ಅಂದ್ರು ಮೇಷ್ಟ್ರು,” ಅತ್ತಿಗೆ ಮುಂದುವರಿಸಿದರು. “ಫ್ಯೂಸ್ ಹೋಗಿದ್ರೆ ಈ ನಿಧಾನಪ್ಪ ಬರೀ ಸ್ವಿಚ್ ಹಾಕಿದಾಗ ದೀಪ ಹೇಗೆ ಬಂತು? ಯಾರೋ ಕೈಯಾರೆ ಆರಿಸಿದ್ದರು. ಯಾರು? ಕರೆಂಟ್ ಎಲ್ಲಿಂದ ಬರ್ತಿದೆ ಅಂತ ಗೊತ್ತಿದ್ದವರು. ಬೇರೆ ಎಲ್ಲರೂ ಮೇನ್ ಸ್ವಿಚ್ ಕಡೆ ನೋಡಿದ್ರು. ಒಬ್ಬರು ಮಾತ್ರ ದೀಪದ ಸ್ವಿಚ್ಚಿಗೆ ಕೈ ಹಾಕಿದ್ರು. ಆ ಸ್ವಿಚ್ಚಿನ ಹತ್ತಿರ ಇದ್ದಿದ್ದು ಅಪ್ಪ, ಮಗಳು ಇಬ್ಬರೇ. ಇಬ್ಬರಲ್ಲಿ ಯಾರು ಅಂತ ತಿಳಿಯೋಕೆ ನನ್ನ ಮೈದುನನ್ನ ಬೋರ್ಡಿನ ಮುಂದೆ ನಿಲ್ಲಿಸಬೇಕಾಯ್ತು.”

“ನನ್ನ ಆಯುಸ್ಸು ಗಟ್ಟಿ,” ಎಂದೆ. ಯಾರೂ ನಗಲಿಲ್ಲ.

ಮೇಷ್ಟ್ರು ಬಾಯಿ ತೆರೆದರು. “ಮಗಳು ಹೇಳಿಕೊಡ್ತಿದ್ದಾಳೆ ಅಂತ ಹೋದ ವಾರ ಗೊತ್ತಾಯ್ತು. ಅವನು ಟೆಸ್ಟರ್ ಹೊರಗೇ ತೆಗೀದೆ ದೋಷ ಹೇಳಿಬಿಡ್ತಿದ್ದ. ಇಂಥವನಿಗೆ ಲೈಸೆನ್ಸ್ ಸಿಕ್ಕಿದ್ರೆ ಯಾವುದೋ ಕಂಬದ ಮೇಲೆ ಸಾಯ್ತಾನೆ, ನನ್ನ ಮಗಳ ಬದುಕು ಹಾಳಾಗುತ್ತೆ ಅಂದ್ಕೊಂಡೆ. ದೀಪದ ಲೈನಿಂದ ಒಂದು ತಂತೀನ ಬೋರ್ಡಿನ ಹಿಂದಿನಿಂದ ಆ ಸಡಿಲ ತಂತಿಗೆ ಸೇರಿಸಿಟ್ಟೆ. ಟೆಸ್ಟ್ ಮಾಡಿದ್ರೆ ಟೆಸ್ಟರ್ ಉರಿಯುತ್ತೆ, ಏನೂ ಆಗಲ್ಲ. ಮಾಡದೇ ಇದ್ರೆ ಬೆರಳಿಗೆ ಒಂದು ಏಟು ಬೀಳುತ್ತೆ, ಬುದ್ಧಿ ಬರುತ್ತೆ. ಅಷ್ಟೇ ನನ್ನ ಲೆಕ್ಕ. ಇನ್ನೊಂದು ಕೈಯಲ್ಲಿ ಚೌಕಟ್ಟು ಹಿಡ್ಕೋತಾನೆ ಅಂತ ಅಂದ್ಕೊಂಡಿರಲಿಲ್ಲ. ಕರೆಂಟ್ ಎದೆ ಹಾದು ಹೋಯ್ತು. ಒಂದು ಕೈ ಬೆನ್ನ ಹಿಂದೆ ಅಂತ ಮೊದಲನೇ ದಿನಾನೇ ಹೇಳಿಕೊಟ್ಟಿದ್ದೆ.”

“ಆಮೇಲೆ ತಂತಿ ತೆಗೆದುಬಿಟ್ರಿ,” ಎಂದರು ಇನ್ಸ್‌ಪೆಕ್ಟರ್.

“ಎಲ್ಲರೂ ಆಸ್ಪತ್ರೆಗೆ ಓಡಿದಾಗ.”

ಆಗ ಸೊಸೆ ಮಾತಾಡಿದಳು.

“ಸರ್, ನೀವು ದೀಪ ಆರಿಸದೇ ಇದ್ದಿದ್ರೆ ಅವರು ಸಾಯ್ತಿದ್ರು. ಅದನ್ನ ನಾನು ಸ್ಟೇಷನ್ನಲ್ಲೂ ಹೇಳ್ತೀನಿ, ಕೋರ್ಟಲ್ಲೂ ಹೇಳ್ತೀನಿ. ಆದರೆ ನಾನು ಬೀಗ ಸರಿಯಾಗಿ ಹಾಕಿದ್ದೆ ಅಂತ ಇಡೀ ಜಗತ್ತಲ್ಲಿ ಗೊತ್ತಿದ್ದಿದ್ದು ಇಬ್ಬರಿಗೇ. ನನಗೆ ಮತ್ತೆ ನಿಮಗೆ. ನಾನು ಹೇಳಿದ್ದನ್ನ ಯಾರೂ ನಂಬಲಿಲ್ಲ. ನೀವು ಅದನ್ನ ಹೇಳಲೇ ಇಲ್ಲ.”

ಮೇಷ್ಟ್ರು ಮೇಜಿನ ಖಾನೆಯಿಂದ ಅವಳ ಪತ್ರವನ್ನು ತೆಗೆದು ಸಹಿ ಹಾಕಿದರು. ಎದ್ದು ಬಂದು ಎರಡೂ ಕೈಯಲ್ಲಿ ಅದನ್ನು ಅವಳ ಮುಂದೆ ಚಾಚಿದರು. “ನನ್ನದು ತಪ್ಪಾಯ್ತಮ್ಮ,” ಎಂದರು.

ಅವಳು ಕೈ ಮುಂದೆ ಮಾಡುವಷ್ಟರಲ್ಲಿ ಅತ್ತೆ ನಡುವೆ ಬಂದರು.

“ಇಲ್ಲಿ ಬೇಡ ಮೇಷ್ಟ್ರೇ. ನೀವು ಇವಳನ್ನ ಕೊಲೆಗಾತಿ ಅಂದಿದ್ದು ಈ ಹಾಲಲ್ಲಲ್ಲ. ಆಸ್ಪತ್ರೆ ಮುಂದೆ, ಅಷ್ಟು ಜನರ ಎದುರಿಗೆ ಅಂದ್ರಿ. ಅವತ್ತಿಂದ ನಮ್ಮ ಅಂಗಡಿಗೆ ಬರೋರು ಇವಳ ಕೈಗೆ ಸಾಮಾನು ಕೊಡೋಕೂ ಹಿಂಜರೀತಾರೆ. ಆ ಜನರಲ್ಲಿ ಅರ್ಧ ಜನ ಈಗ ಹೊರಗೆ ನಿಂತಿದ್ದಾರೆ.”

ಇನ್ಸ್‌ಪೆಕ್ಟರ್ ಅತ್ತಿಗೆಯ ಮುಖ ನೋಡಿದರು. ಅತ್ತಿಗೆ ತಲೆಯಾಡಿಸಿದರು.

ಮೇಷ್ಟ್ರು ಬಾಗಿಲು ತೆಗೆದು ಮೆಟ್ಟಿಲ ಮೇಲೆ ನಿಂತರು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಸಹಿಗಾಗಿ ಕಾದಿದ್ದ ಶಿಷ್ಯರೆಲ್ಲ ಎದ್ದು ನಿಂತರು, ಅವರು ಬಂದಾಗಲೆಲ್ಲ ಹಾಗೆ ಎದ್ದು ನಿಲ್ಲುವುದು ಅಲ್ಲಿನ ರೂಢಿ. ಎಲ್ಲರನ್ನೂ ಕೂರಲು ಹೇಳಿ, ಪಾಠ ಮಾಡುವಾಗಿನ ಅದೇ ಗಟ್ಟಿ ದನಿಯಲ್ಲಿ ಅವರು ಶುರು ಮಾಡಿದರು. ತಂತಿ ಕಟ್ಟಿದ್ದು ಯಾರು, ಬಿಚ್ಚಿದ್ದು ಯಾರು, ಸುಮ್ಮನಿದ್ದದ್ದು ಯಾರು, ಒಂದನ್ನೂ ಬಿಡದೆ ಹೇಳಿದರು. “ಬೀಗ ಸರಿಯಾಗಿ ಹಾಕಿದ್ದಳು,” ಎಂದು ಎರಡು ಸಲ ಹೇಳಿದರು. ಮೊದಲ ಸಲಕ್ಕೆ ದನಿ ಒಡೆದಿತ್ತು.

ಒಳಗೆ, ಅಷ್ಟು ದಿನ ಒಂದು ಹನಿಯನ್ನೂ ಹಾಕದಿದ್ದ ಸೊಸೆ ಅತ್ತೆಯ ಹೆಗಲಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

“ಅತ್ತಿದ್ದು ಸಾಕು,” ಎಂದರು ಅತ್ತೆ, ಅವಳ ಬೆನ್ನು ಸವರುತ್ತ. “ಮನೆಗೆ ನಡಿ. ನಾಳೆ ಪರೀಕ್ಷೆ, ಓದೋದು ಇನ್ನೂ ಬೇಕಾದಷ್ಟಿದೆ.”